ನಾಲ್ಕನೆಯ ಪ್ಲಗ್ಗು

ಮೀಟರಿನಲ್ಲಿ ಸೊನ್ನೆ. ಕಾರಿನ ಸೆನ್ಸರುಗಳಿಗೆ ಹೋಗುವ ತಂತಿಯಲ್ಲಿ ಐದು ವೋಲ್ಟು ಇರಬೇಕಿತ್ತು.

"ನಾನು ಹೇಳ್ಲಿಲ್ವಾ? ಇವಳು ಎಂಜಿನ್‌ಗೆ ನೀರು ಹೊಡೆದು ಕಾರಿನ ಕಂಪ್ಯೂಟರನ್ನೇ ಸುಟ್ಟುಹಾಕಿದಾಳೆ. ಇಲ್ದಿದ್ರೆ ಆರು ಸೆನ್ಸರ್ ಒಟ್ಟಿಗೆ ಸಾಯ್ತವಾ? ನಾಳೆಯಿಂದ ಬರ್ಬೇಡ ನೀನು," ಎಂದ ಮೇಸ್ತ್ರಿ. ಹನ್ನೊಂದು ವರ್ಷದಿಂದ ಅಲ್ಲೇ ಕಾರು ತೊಳೆಯುತ್ತಿದ್ದವಳು ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಆ ಗ್ಯಾರೇಜಿನಲ್ಲಿ ಏನೇ ಕೆಟ್ಟರೂ ತಪ್ಪು ಮೊದಲು ಬರುತ್ತಿದ್ದುದು ಒದ್ದೆ ಕೈಯವರ ತಲೆಗೇ.

"ಸ್ವಲ್ಪ ತಡಿಯಪ್ಪ," ಎಂದ ಮೀಟರು ಹಿಡಿದಿದ್ದ ಮುದುಕ ಎಲೆಕ್ಟ್ರಿಷಿಯನ್. "ಆರಕ್ಕೂ ಐದು ವೋಲ್ಟು ಹೋಗೋದು ಒಂದೇ ದಾರೀಲಿ. ಒಂದು ಸೆನ್ಸರ್ ಕೆಟ್ಟು ಒಳಗೊಳಗೇ ಎಲ್ಲಾ ನುಂಗ್ತಾ ಕೂತ್ರೆ ಉಳಿದವಕ್ಕೂ ಉಪವಾಸ. ತಂಗಿ, ನನ್ನ ಕೈ ಅಲ್ಲಿ ತೂರಲ್ಲ. ನೀನೇ ಒಂದೊಂದೇ ಸೆನ್ಸರಿನ ಪ್ಲಗ್ ಕೀಳು."

ಒಂದನ್ನು ಕಿತ್ತಳು. ಸೊನ್ನೆ. ಎರಡು, ಮೂರು. ಸೊನ್ನೆಯೇ. "ತೋಟದಲ್ಲಿ ಹೂ ಕೀಳ್ತಾ ಇದಾಳೆ," ಎಂದು ಮೇಸ್ತ್ರಿ ನಕ್ಕ. ನಾಲ್ಕನೆಯದು ತಳದಲ್ಲಿ ಹೊಚ್ಚಹೊಸದಾಗಿ ಹೊಳೆಯುತ್ತಿತ್ತು, ನಿನ್ನೆ ಮೇಸ್ತ್ರಿ ತನ್ನ ಕೈಯಾರೆ ಕೂರಿಸಿದ ಆಯಿಲ್ ಸೆನ್ಸರ್. ಅದರ ಪ್ಲಗ್ಗು ಕಿತ್ತಳು. ಒಳಗೆ ನೀರಿನ ಪಸೆಯೂ ಇರಲಿಲ್ಲ. ಮೀಟರಿನ ಅಂಕಿ ಜಿಗಿದು ಐದಕ್ಕೆ ನಿಂತಿತು.

"ಕಂಪ್ಯೂಟರ್ ಗಟ್ಟಿಮುಟ್ಟಾಗಿದೆ. ಈ ಹೊಸದೇ ಒಳಗೆ ಶಾರ್ಟು," ಎಂದ ಮುದುಕ, ಮಲಗಿದ ಮಗುವಿನ ಪಕ್ಕ ಮಾತಾಡುವಷ್ಟು ಮೆಲ್ಲಗೆ. ಮೇಸ್ತ್ರಿ ನೆಲ ನೋಡುತ್ತಿದ್ದ. ಅವಳು ಮೀಟರನ್ನೂ ತನ್ನ ಬೆರಳುಗಳನ್ನೂ ಬೆರಗಿನಿಂದ ನೋಡಿದಳು. ಯಾರೂ ಹೇಳದೆಯೇ ಪ್ಲಗ್ಗನ್ನು ಮತ್ತೆ ಒತ್ತಿದಳು: ಸೊನ್ನೆ. ಕಿತ್ತಳು: ಐದು. ಮೇಸ್ತ್ರಿ ತಲೆ ಎತ್ತಿ ನೋಡುವ ತನಕ ಒತ್ತುತ್ತ, ಕೀಳುತ್ತ ನಿಂತಳು.