ನಡುವಿನ ಚರಣ

"ಕಿಟಕಿಯಲಿ ದೀಪವಿಟ್ಟೆ, ದಾರಿಗೆ ಕಣ್ಣು..." ಎಂದು ಹಾಡಿ ಅಜ್ಜಿ ಬಾಯಿ ಮುಚ್ಚಿಕೊಂಡಳು. ಕೊನೆಯ ಪದ ಅಜ್ಜನದು. ಅಜ್ಜ ಗಾಲಿಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತಿದ್ದ.

ಲಕ್ವ ಹೊಡೆದು ಅವನ ಮಾತು ನಿಂತು ನಾಲ್ಕು ತಿಂಗಳು. ಮಾತು ಹೋದವರಲ್ಲೂ ಕೆಲವೊಮ್ಮೆ ಹಾಡು ಉಳಿದಿರುತ್ತದಂತೆ. ಗೊತ್ತಿರುವ ಹಾಡು ಹಾಡಿ, ಸಾಲಿನ ಕೊನೆಯ ಪದ ಬಿಟ್ಟು ಕಾಯಬೇಕು ಎಂದು ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿ ಹೇಳಿಕೊಟ್ಟಿದ್ದಳು. ಹನ್ನೊಂದು ವಾರದಿಂದ "ನೆಟ್ಟೆ" ಅನ್ನುವ ಒಂದು ಪದ ಆಸ್ಪತ್ರೆಯ ಆ ಕೋಣೆಯ ಗಾಳಿಯಲ್ಲೇ ನೇತಾಡುತ್ತಿತ್ತು.

"ಸಾಕು ಅಜ್ಜಿ," ಹುಡುಗಿ ಮೆಲ್ಲಗೆ ಒಂದು ಪುಸ್ತಕ ಮುಂದಿಟ್ಟಳು. "ಇನ್ಮೇಲೆ ಇದನ್ನ ರೂಢಿ ಮಾಡಿಸೋಣ. ನೀರು, ಊಟ, ನೋವು, ಎಲ್ಲದಕ್ಕೂ ಚಿತ್ರ ಇದೆ. ಬೆರಳಿಟ್ಟು ತೋರಿಸಿದ್ರೆ ಆಯ್ತು."

ಅಜ್ಜಿ ಹಾಳೆ ತಿರುವಿ ತಿರುವಿ ನೋಡಿದಳು. "ನನ್ನ ಬೈಯೋ ಚಿತ್ರ ಎಲ್ಲಿದೆ ಮಗಳೇ?"

"ಬೈತಿದ್ರಾ?"

"ಮತ್ತೆ? ಈ ಹಾಡಿಗೇ ದಿನಾ ಬೈಸ್ಕೊಂಡಿದ್ದೀನಿ."

ಅಜ್ಜ ಟೈಲರ್. ಅವನು ಬಟ್ಟೆ ಕತ್ತರಿಸುವಾಗ ಅಜ್ಜಿ ಪಕ್ಕದಲ್ಲಿ ಗುಂಡಿ ಹೊಲಿಯುತ್ತ ಹಾಡುತ್ತಿದ್ದಳು. ಹಾಡಿಗೆ ಮೂರು ಚರಣ: ಅವಳು ದೀಪ ಇಡುತ್ತಾಳೆ, ಕಾಯುತ್ತಾಳೆ, ಅವನು ಬರುತ್ತಾನೆ. ಅಜ್ಜಿ ನಡುವಿನದನ್ನು ಹಾರಿಸಿ ಅವನನ್ನು ಸೀದಾ ಕರೆತಂದುಬಿಡುವಳು. ಕೂಡಲೇ ಅಜ್ಜನ ಕತ್ತರಿಯಿಂದ ಮೇಜಿಗೆ ಎರಡೇಟು. "ಏ ಇವಳೇ, ಕಾಯದೆ ಹೆಂಗೆ ಬರ್ತಾನೆ ಅವನು? ಹಾಡು ಇರೋದೇ ಅಲ್ಲಿ."

"ಕಾಯ್ತಾ ಕೂರೋಕೆ ನಂಗೆ ಪುರುಸೊತ್ತಿಲ್ಲಪ್ಪ. ಗುಂಡಿ ರಾಶಿ ಬಿದ್ದಿದೆ!" ಎನ್ನುವಳು ಅಜ್ಜಿ.

"ಇನ್ನೊಂದೇ ಸಲ," ಎಂದು ಅಜ್ಜಿ ಈಗ ಚಿತ್ರದ ಪುಸ್ತಕ ಮುಚ್ಚಿದಳು. ಮೊದಲ ಚರಣ ಹಾಡಿದಳು, ಕಾದಳು. ಅಜ್ಜನ ತುಟಿ ಅಲ್ಲಾಡಲಿಲ್ಲ. ಹಳೆಯ ಚಾಳಿಯಂತೆ ಅವಳ ನಾಲಿಗೆ ತಾನಾಗಿ ಮೂರನೆಯದಕ್ಕೆ ಹಾರಿತು: "ಬಂದೆಯಲ್ಲೋ ನನ್ನ ದೊರೆ..."

ಟಕ್. ಟಕ್.

ಅಜ್ಜನ ಎಡಗೈ ಕುರ್ಚಿಯ ಹಿಡಿಗೆ ಬಡಿದಿತ್ತು. ಸೊಟ್ಟ ಹೊಲಿಗೆ ಕಂಡವನಂತೆ ಅವನು ಹುಬ್ಬು ಗಂಟಿಕ್ಕಿ ಅಜ್ಜಿಯನ್ನೇ ನೋಡುತ್ತಿದ್ದ.

"ಎ... ಎಣ್ಣೆ..." ರಾಗ ಮುಂದೆ ನಡೆಯಿತು, ಪದಗಳು ಕುಂಟುತ್ತ ಹಿಂದೆ ಬಂದವು. "ತೀರಿದರೇನು... ಕತ್ತಲಲ್ಲೇ..."

ಅಲ್ಲಿ ಸಿಕ್ಕಿಕೊಂಡಿತು. ಪದ ಕೊಡಲು ಅಜ್ಜಿ ಬಾಯಿ ತೆರೆದಳು. ಹುಡುಗಿ ಅವಳ ಕೈ ಹಿಡಿದು ತಡೆದಳು. ಹೊರಗೆ ಔಷಧಿಯ ತಳ್ಳುಗಾಡಿ ಕಿರಗುಟ್ಟುತ್ತ ಹೋಯಿತು, ತಿರುಗಿ ಬಂತು. ಅಜ್ಜಿ ಕಾದಳು.

"...ಕಾಯುವೆ ನಾನು."

ಅಜ್ಜನ ಹಣೆಯೆಲ್ಲ ಬೆವರು. ಅವನು ಗಲ್ಲ ಎತ್ತಿ ಸನ್ನೆ ಮಾಡಿದ: ಹೂಂ, ಈಗ ಮೂರನೆಯದು.

"ಹಾಡಿ ಅಜ್ಜಿ," ಹುಡುಗಿ ಪಿಸುಗುಟ್ಟಿದಳು.

ಅಜ್ಜಿ ಅಂಗೈಯಿಂದ ಅವನ ಹಣೆ ಒರೆಸಿದಳು. "ಇನ್ನೇನು ಹಾಡಲಿ? ಬಂದೇಬಿಟ್ಟರಲ್ಲ."