ಹತ್ತಿರದ ಗುರುತು

ಅವಳು ನೆಲಕ್ಕೆ ಹಾಸಿದ್ದ ಇಪ್ಪತ್ತಡಿ ಚಿತ್ರದ ಪಕ್ಕದಲ್ಲಿ ಹಳೆಯ ಕೋಚ್ ಕುಕ್ಕರಗಾಲಲ್ಲಿ ಕೂತು, ತುದಿಯ ಬಿಳಿ ಗೆರೆಯಿಂದ ಗೇಣು ಹಾಕುತ್ತ ಹೊರಟರು. ಮುಟ್ಟಬಾರದೆಂಬ ಫಲಕವಿತ್ತು. ಅವರ ಕೈ ಬಣ್ಣಕ್ಕಿಂತ ಒಂದಂಗುಲ ಮೇಲೆ, ಗಾಳಿಯಲ್ಲೇ ಸಾಗಿತು.

ಪ್ರದರ್ಶನದ ಕೊನೆಯ ಸಂಜೆ. ಐದು ದಿನಗಳಲ್ಲಿ ಬಂದ ಬೆರಳೆಣಿಕೆಯ ಜನ ಈ ಕಂದು ಬಣ್ಣವನ್ನು ನೋಡಿ ಮರುಭೂಮಿಯೇ, ಚಂದ್ರನೇ ಎಂದು ಕೇಳಿದ್ದರು. ಎಲ್ಲರಿಗೂ ಅವಳು ಹೂಂಗುಟ್ಟಿದ್ದಳು. ಮಂಡಿ ಕೈಕೊಟ್ಟು ಲಾಂಗ್ ಜಂಪ್ ಬಿಟ್ಟವಳು, ಬಾಡಿಗೆ ಕೋಣೆಯಲ್ಲಿ ತಾನೇ ತಾನಾಗಿ ಕುಂಚ ಹಿಡಿಯಲು ಕಲಿತವಳು, ಜನರ ಜೊತೆ ವಾದಿಸುವುದನ್ನು ಮರೆತೇಬಿಟ್ಟಿದ್ದಳು.

ಗೇಣು ನಿಂತಿತು. ಚಿತ್ರದ ಮರಳಲ್ಲಿ ಮೂಡಿದ್ದ ಹಿಮ್ಮಡಿಯ ಗುಂಡಿಗಳ ಹತ್ತಿರವಲ್ಲ, ಒಂದು ಮೊಳ ಹಿಂದೆ, ಅಂಗೈ ಒತ್ತಿದ ಗುರುತಿನ ಬಳಿ.

"ಮತ್ತೆ ಕೈ ಹಿಂದಕ್ಕೆ ಊರಿದ್ದೀಯಲ್ಲೇ, ಕಪ್ಪೆ! ಎಷ್ಟು ಸಲ ಬಡ್ಕೊಂಡೆ? ಕಾಲು ಎಲ್ಲೇ ಬೀಳ್ಲಿ, ಅಳತೆ ಹಿಡಿಯೋದು ಈ ಕೈ ಗುರುತಿಗೇ."

"ಗೊತ್ತು ಸಾರ್," ಎಂದಳು. ಆ ಹೆಸರಿನಿಂದ ಅವಳನ್ನು ಯಾರಾದರೂ ಕರೆದು ವರ್ಷಗಳೇ ಆಗಿದ್ದವು.

ಪ್ರತಿ ಜಿಗಿತದ ನಂತರ ಉದ್ದ ಹಿಡಿಯ ಹಲುಬೆಯಿಂದ ಮರಳೆಳೆದು ಸಮ ಮಾಡುತ್ತಿದ್ದವರು ಅವರೇ. ಅವಳ ಎಂಟು ವರ್ಷಗಳ ಒಂದು ಗುರುತೂ ಉಳಿದಿರಲಿಲ್ಲ. ಈಗಲೂ ಎದ್ದು ನಿಂತೊಡನೆ ಅವರ ಎರಡು ಮುಷ್ಟಿಗಳು ಇಲ್ಲದ ಹಲುಬೆಯ ಹಿಡಿಯನ್ನು ಹಿಡಿದು ಚಿತ್ರದ ಕಡೆಗೆ ಚಾಚಿದವು. ಅಲ್ಲೇ ತಡೆದು ನಿಂತವು. ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಬಾಗಿಲು ದಾಟುವವರೆಗೂ ಬಿಚ್ಚಲಿಲ್ಲ.