ಬೂಬನ ಮಡಕೆಯ ಸದ್ದು

ಸೋರುವ ಮಡಕೆಯನ್ನು ಬುಟ್ಟಿಯಲ್ಲಿಟ್ಟುಕೊಂಡು ಕಮಲ ಉಚ್ಚಿಲದಿಂದ ಕಾಪುವಿನ ಸಂತೆಗೆ ಬಂದದ್ದೇ ಜಗಳಕ್ಕೆ. ಮೀನು ಮಾರುವ ಹೆಂಗಸು. ಅವಳ ಗಂಟಲಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಉಚ್ಚಿಲದಲ್ಲಿ "ಬಂಗುಡೇ" ಎಂದರೆ ಪಡುಬಿದ್ರಿಯಲ್ಲಿ ಬೆಕ್ಕು ಎದ್ದು ಕೂರುತ್ತದೆ.

ಎಸ್‌ಟಿಡಿ ಬೂತಿನ ನೆರಳಿನಲ್ಲಿ ಕುಂಬಾರ ಬೂಬ ಬೈಹುಲ್ಲಿನ ಮೇಲೆ ಮಡಕೆಗಳನ್ನು ಹರಡಿಕೊಂಡು, ದಾರಿಗೆ ಬೆನ್ನು ಹಾಕಿ ಕುಳಿತಿದ್ದ.

"ಏ ಬೂಬಾ! ಎಂತ ಮಡಕೆ ಮಾರಾಯ ನೀನು ಕೊಟ್ಟದ್ದು? ಮೂರು ದಿನ ಗಂಜಿತಿಳಿ ಕುದಿಸಿ ಪಳಗಿಸಿದ್ದೇನೆ. ನಾಲ್ಕನೆಯ ದಿನ ಬಂಗುಡೆ ಸಾರು ಇಟ್ಟರೆ ಅರ್ಧ ಒಲೆಯ ಪಾಲು! ದೋಣಿಯಿಂದ ಹಸಿದು ಬಂದ ಗಂಡ ಉಪ್ಪಿನಕಾಯಿ ನೆಕ್ಕಿಕೊಂಡು ಉಂಡದ್ದು ಗೊತ್ತುಂಟಾ ನಿನಗೆ?"

ಬೂಬ ತಿರುಗಲೇ ಇಲ್ಲ. ಸೊಕ್ಕು ನೋಡಿ! ಕಮಲಳಿಗೆ ಮೈಯೆಲ್ಲ ಉರಿಯಿತು. ನಿಜ ಹೇಳಬೇಕೆಂದರೆ ಅರ್ಧ ಸಿಟ್ಟು ತನ್ನ ಮೇಲೆಯೇ. ಮಗ ಜಿತೇಂದ್ರ ಮಣಿಪಾಲದಿಂದ ತಂದ ನಾನ್‌ಸ್ಟಿಕ್ ಬಾಣಲೆಯ ಕರಿ ಲೇಪ ಎದ್ದು ಸಾರಿನಲ್ಲಿ ತೇಲಿದ ದಿನ, ಅದನ್ನು ಕೋಳಿಗಳಿಗೆ ನೀರಿಡಲು ಕೊಟ್ಟು, "ಬೂಬನ ಮಡಕೆಯೇ ಸೈ" ಎಂದು ಕೇರಿಗೆಲ್ಲ ಸಾರಿದವಳು ಅವಳು. ಕೊಳ್ಳುವ ಮೊದಲು ಬೆರಳು ಮಡಚಿ ಬಡಿಯಬೇಕು, ಠಣ್ ಎಂದರೆ ಗಟ್ಟಿ, ಬೊದ್ ಎಂದರೆ ಒಳಗೆ ಬಿರುಕು ಎಂದು ಊರಿನ ಹೊಸ ಸೊಸೆಯರಿಗೆ ಕಲಿಸಿದವಳೂ ಅವಳೇ. ಕಳೆದ ಸಂತೆಯಲ್ಲಿ ಮಾತ್ರ ಬೂಬನೇ ಬಡಿದು "ಗಂಟೆಯ ಹಾಗೆ ಉಂಟು" ಅಂದನೆಂದು, ಬಸ್ಸಿನ ಗದ್ದಲ, ಗಡಿಬಿಡಿಯಲ್ಲಿ ತಾನು ಬಡಿದು ಕೇಳದೆ ಹಾಗೆಯೇ ಒಯ್ದಿದ್ದಳು.

ಎದುರಿಗೆ ಹೋಗಿ ನಿಂತ ಮೇಲೆ ಬೂಬ ತಲೆಯೆತ್ತಿದ. ಮುಖ ಅರಳಿತು. "ಓ ಕಮಲಾ! ಇನ್ನೊಂದು ಬೇಕಾ? ಇಕೊ," ಎಂದು ಒಂದು ಮಡಕೆ ಎತ್ತಿ ಬಡಿದ. "ಗಂಟೆಯ ಹಾಗೆ, ಅಲ್ವಾ?"

ಮಡಕೆ ಬೊದ್ ಎಂದಿತು. ಮೊದಲೆಲ್ಲ ಆ ಸದ್ದು ಬಂದರೆ ಬೂಬ ಗಿರಾಕಿಯ ಎದುರಿಗೇ ಅದನ್ನು ನೆಲಕ್ಕೆ ಕುಕ್ಕಿ ಒಡೆಯುತ್ತಿದ್ದ. ಈಗ ನಗುತ್ತಿದ್ದಾನೆ! ಕಮಲ ಬಾಯಿ ತೆರೆಯುವಷ್ಟರಲ್ಲಿ ಉಡುಪಿಯ ಎಕ್ಸ್‌ಪ್ರೆಸ್ ಬಸ್ಸು ಬೆನ್ನ ಹಿಂದೆಯೇ ಬಂದು ನಿಂತು ಹಾರ್ನ್ ಹೊಡೆಯಿತು. ತರಕಾರಿಯವಳು ಎದೆ ಹಿಡಿದುಕೊಂಡಳು. ಕಮಲ ಬುಟ್ಟಿ ಬೀಳಿಸುವುದರಲ್ಲಿದ್ದಳು. ಬೂಬ ರೆಪ್ಪೆ ಸಹ ಅಲುಗಿಸಲಿಲ್ಲ. ಅವಳ ತುಟಿಯನ್ನೇ ನೋಡುತ್ತ ಉತ್ತರಕ್ಕೆ ಕಾಯುತ್ತಿದ್ದ.

"ಅಯ್ಯೋ ದೇವರೇ! ನಿನಗೆ ಕಿವಿ ಕೇಳುವುದಿಲ್ಲವಾ?" ಎಂದು ಅವಳು ತನ್ನ ಕಿವಿ ಮುಟ್ಟಿ ತೋರಿಸಿದಳು.

ಬೂಬನ ನಗು ಇಳಿಯಿತು. "ಮಳೆಗಾಲದ ಜ್ವರದಲ್ಲಿ ಹೋಯಿತು. ಯಾರಿಗೂ ಹೇಳಬೇಡ ಮಾರಾಯ್ತಿ. ಸದ್ದು ಕೇಳದವನ ಮಡಕೆ ಯಾರು ಕೊಳ್ಳುತ್ತಾರೆ? ನನಗೆ ಬೇರೆ ಕೆಲಸ ಬರುವುದಿಲ್ಲ." ಗುಟ್ಟು ಎಂದುಕೊಂಡು ಗಟ್ಟಿಯಾಗಿಯೇ ಹೇಳಿದ. ಪುಣ್ಯಕ್ಕೆ ಬಸ್ಸು ಇನ್ನೂ ಗುರುಗುಡುತ್ತಿತ್ತು.

ಕಮಲಳಿಗೆ ಪಾಪ ಅನ್ನಿಸಿತು. ಹಾಗೆಂದು ಸಾರು ಒಲೆಗೆ ಹೋದದ್ದು ಸುಳ್ಳಲ್ಲವಲ್ಲ.

ಆಗಲೇ ಬಸ್ಸಿನಿಂದ ಇಳಿದ ವೆರೊನಿಕಾ ಬಾಯಿ ಬಂದರು. ಮಣಿಪಾಲದಲ್ಲಿ ಸಣ್ಣದೊಂದು ಊಟದ ಹೋಟೆಲು ಅವರದ್ದು. "ಮೀನು ಸಾರಿಗೆ ಹನ್ನೆರಡು ಮಡಕೆ ಬೇಕಿತ್ತು," ಎಂದವರು ಕಮಲಳ ಕಡೆ ತಿರುಗಿದರು. "ನೀವು ಇವರ ಹಳೆ ಗಿರಾಕಿಯಾ? ಇವರ ಮಡಕೆ ನಂಬಬಹುದಾ?"

ಮಾತು ಕೇಳದಿದ್ದರೂ ಏನು ಕೇಳಿದರೆಂದು ಬೂಬನಿಗೆ ತಿಳಿಯಿತು. ಕೈಯಲ್ಲಿದ್ದ ಹುಲ್ಲನ್ನು ಹಿಡಿದಂತೆಯೇ ಕುಳಿತ. ಕಮಲಳ ಮೀನಿನ ಕಿವಿರನ್ನು ಗಿರಾಕಿಗಳು ದಿನಾ ಎತ್ತಿ ನೋಡುತ್ತಾರೆ. ಹಳತನ್ನು ತಾಜಾ ಎಂದವಳಲ್ಲ ಅವಳು. ಈಗಲೂ ಸುಳ್ಳು ಬಾಯಿಗೆ ಬರಲಿಲ್ಲ.

"ಬೂಬನ ಮಣ್ಣು ಒಳ್ಳೆಯದು ಬಾಯಮ್ಮ. ಸುಡುವಾಗ ಒಂದೆರಡು ಕೆಡುವುದುಂಟು. ನಿಲ್ಲಿ, ನಾನು ಆರಿಸಿ ಕೊಡುತ್ತೇನೆ," ಎಂದು ಸೆರಗು ಸಿಕ್ಕಿಸಿ ಬೈಹುಲ್ಲಿನ ಮೇಲೆ ಕುಳಿತೇಬಿಟ್ಟಳು.

ಒಂದೊಂದನ್ನೇ ಎತ್ತಿ ಬಡಿದಳು. ಠಣ್. ಠಣ್. ಠಣ್. ಬೂಬ ಮಡಕೆಯನ್ನು ನೋಡುತ್ತಿರಲಿಲ್ಲ, ಅವಳ ಮುಖವನ್ನು ನೋಡುತ್ತಿದ್ದ. ಐದನೆಯದಕ್ಕೆ ಅವಳ ಹುಬ್ಬು ಗಂಟಾಯಿತು. ಅವಳು ಪಕ್ಕಕ್ಕಿಡುವ ಮೊದಲೇ ಬೂಬ ಅದನ್ನು ಕೈಯಿಂದ ಕಿತ್ತುಕೊಂಡು, ಹಿಂದಿನ ಹಾಗೆಯೇ, ನೆಲಕ್ಕೆ ಕುಕ್ಕಿ ಒಡೆದ.

ವೆರೊನಿಕಾ ಬಾಯಿ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ ನಕ್ಕರು. "ಹೀಗೆ ವ್ಯಾಪಾರ ಮಾಡುವವರು ಈಗ ಎಲ್ಲಿದ್ದಾರೆ? ಹನ್ನೆರಡು ಸಾಲದು, ಹದಿನೈದು ಕಟ್ಟಿ."

ಅವರು ಹೋದ ಮೇಲೆ ಬೂಬನ ಕಣ್ಣು ಕಮಲಳ ಬುಟ್ಟಿಯ ಮೇಲೆ ಬಿತ್ತು. ತಾನು ಕೊಟ್ಟ ಮಡಕೆ, ಅಡಿಯಲ್ಲಿ ಸಾರಿನ ಕೆಂಪು ಗೆರೆ. ಅದನ್ನೂ ಒಡೆಯಲೆಂದು ಕೈ ಚಾಚಿದ. ಕಮಲ ಬುಟ್ಟಿಯನ್ನು ಆಚೆಗೆಳೆದುಕೊಂಡಳು. "ಬಿಡು, ಮಲ್ಲಿಗೆ ಗಿಡಕ್ಕೆ ಆಗುತ್ತದೆ. ಅದಕ್ಕೆ ನೀರು ನಿಲ್ಲಬಾರದು," ಎಂದು, ಬದಲಿಗೆ ಇನ್ನೊಂದನ್ನು ಎತ್ತಿಕೊಂಡಳು. ಬಡಿದು ನೋಡಿಯೇ.

ಬುಟ್ಟಿ ತಲೆಗೇರಿಸಿದಳು. ಸುತ್ತ ಸಂತೆಯ ಜನ. ಹುಟ್ಟಿದಂದಿನಿಂದ ಮೊದಲ ಸಲ ಕಮಲ ಸದ್ದಿಲ್ಲದೆ, ಬರೀ ತುಟಿಯಾಡಿಸಿ, ನಿಧಾನವಾಗಿ ಹೇಳಿದಳು: "ಮುಂದಿನ ಸಂತೆಗೂ ಬರುತ್ತೇನೆ. ನಾನು ಬರುವವರೆಗೆ ಒಂದೂ ಮಾರಬೇಡ."

"ಆಯಿತು!" ಎಂದು ಬೂಬ ಸಂತೆಯೇ ತಿರುಗಿ ನೋಡುವಷ್ಟು ಜೋರಾಗಿ ಕೂಗಿದ.